ಹಾಲುತೊಂಡೆ

ಶಿಡ್ಲಘಟ್ಟದ ಹುಳು. ಕಾಲು ಚಿವುಟಿದರೆ ಒಸರುವುದು ಹಾಲು.
ಆ ಒಂದು ತೊಟ್ಟಿನಲ್ಲಿ ಲಕ್ಷದ ಇಪ್ಪತ್ತೆಂಟು ಸಾವಿರ
ಅಕ್ಷರದ ವೈರಸ್ಸು. ಹೇಗೆ ಓದಿದರೆ ಪೂರ್ತಿ ಸಿಕ್ಕೀತು?

ತುಂಡು ತುಂಡು ನಕಲಿಸಿ ಅಂಚಿಗಂಚು ಹೊಂದಿಸಿದೆ.
ಸೋವಿ. ಆದರೆ ನಲವತ್ತೊಂದನೆಯ ತುಂಡು
ಮೂರು ಸಲವೂ ಬರಲಿಲ್ಲ; ಗ್ರಾಫು ಅಲ್ಲಿ ಬಾವಿ.
ಏನನ್ನೂ ಆರಿಸದೆ ಎಲ್ಲ ಓದಿಸಿದೆ:
ಬರೀ ಹುಳು, ಹುಳು, ಹಿಪ್ಪುನೇರಳೆ ಸೊಪ್ಪು,
ನೂರಕ್ಕೆ ಮೂರು ಸಾಲು ವೈರಸ್ಸು. ಕರೆಂಟೂ ಹೋಯಿತು.

ಖುರ್ಷಿದಾ ಗಾಜು ತೊಳೆಯುತ್ತಿದ್ದಳು,
ಇಪ್ಪತ್ತು ವರ್ಷ ಕುದಿನೀರ ಬೇಸಿನ್ನಲ್ಲಿ ಗೂಡು ಬಿಚ್ಚಿದವಳು.
"ಯಾಕಮ್ಮಾ ಕತ್ತರಿಸ್ತೀಯ? ತುದಿ ಹಿಡಿದು ಎಳಿ."

ಎಳೆದೆ. ಸಣ್ಣ ರಂಧ್ರದಲ್ಲಿ ಎಳೆ ಉದ್ದಕ್ಕೆ ಹಾಯಿತು,
ಬಾವಿಯ ಮೇಲೂ.
ಒಂದೇ ಅಕ್ಷರ ಸಾಲುಗಟ್ಟಿದಲ್ಲಿ ಮಾತ್ರ
ಐದೋ ಆರೋ ಎಂದು ತೊದಲಿತು.
"ಕಡಿದಲ್ಲಿ ಗಂಟು ಹಾಕ್ತೀವಿ. ಗಂಟು ಮುಚ್ಚಿಟ್ರೆ
ಮಾರ್ಕೆಟ್ಟಲ್ಲಿ ಮಾನ ಹೋಗುತ್ತೆ."

ಕೋಷ್ಟಕದಲ್ಲಿ ಖರ್ಚು, ದಿನ, ತಪ್ಪು ತುಂಬಿದೆ;
ಕೊನೆಗೊಂದು ಗೆರೆ ಎಳೆದು ಬರೆದೆ: ಗಂಟು.

ಸಂಜೆ ಬಾಗಿಲ ಹಾಜರಿ ಯಂತ್ರಕ್ಕೆ
ಬೆರಳೊತ್ತಿದಳು. ಸೆರಗಿಗೆ ಒರೆಸಿ ಮತ್ತೊಮ್ಮೆ.
ಕುದಿನೀರು ಆ ಗೆರೆಗಳನ್ನು ಎಂದೋ ತಿಂದಿದೆ.
ಯಂತ್ರ ಅವಳನ್ನು ಇವತ್ತೂ ಓದಲಿಲ್ಲ.