ನಿಂದ್ರೂದು

ಗುಲಗಂಜಿಯ ಬಲ ಮೊಣಕಾಲ ಮೇಲೆ
ಎಂಟಾಣೆಯಷ್ಟು ಬಿಳಿ ಕಲೆ.
ಅಲ್ಲಿ ಕೂದಲು ಮತ್ತೆ ಕೆಂಪಾಗಿ ಬರಲಿಲ್ಲ.
ಹೋದ ಶ್ರಾವಣ ಘಟಪ್ರಭೆಯ ದಂಡೆಯ ಏರಿನಲ್ಲಿ
ನಮ್ಮ ಹಳೇ ಪಿಕಪ್ಪು
ಹಿಂದಿನ ಗಾಲಿಯಿಂದ ಎರೆಮಣ್ಣು ಉಗುಳುತ್ತ ಉಗುಳುತ್ತ
ಎಂಟು ಮಾರು ಹಿಂದಕ್ಕೆ ಜಾರಿತ್ತು.
ಕಟ್ಟಿದ ಪೆಟ್ಟಿಗೆಯೊಳಗೆ ಅವಳು ಮಂಡಿಯೂರಿದ ಸದ್ದು
ಸ್ಟೇರಿಂಗಿನಿಂದ ನನ್ನ ಅಂಗೈಗೆ ಬಂತು.
ಆಮೇಲೆ ಆ ಗಾಡಿಯನ್ನು ನಾನು ಮುಟ್ಟಲಿಲ್ಲ.

ಅದಕ್ಕೇ ಈ ರವಿವಾರ ಮುಧೋಳ ಬಿಟ್ಟು ವಿಜಯಪುರ.
ನಾಲ್ಕೂ ಗಾಲಿ ದುಡಿಯುವಂಥದ್ದು ಬೇಕು.
ಚೀಲದಲ್ಲಿ ಎರಡು ಎಮ್ಮೆ, ಒಂದು ಜೋಡು ಪಾಟಲಿ
ನೋಟುಗಳಾಗಿ ಕೂತಿವೆ.
ಜೊತೆಗೆ ನಾಲಬಂದ ಹಸನಸಾಬ,
ಇಂಜಿನ್ನಿನ ಬಗ್ಗೆ ಏನೂ ತಿಳಿಯದವ,
ಕಾಲಿನ ಬಗ್ಗೆ ಎಲ್ಲ ತಿಳಿದವ.

ಸೊಲ್ಲಾಪುರ ರಸ್ತೆಯ ಮೊದಲ ಅಂಗಡಿ.
ಮುಖ ಕಾಣುವಷ್ಟು ಕರಿ ಬಣ್ಣ.
‘ಡಾಕ್ಟರ್ ಸಾಹೇಬ್ರ ಕೈಯಾಗಿಂದು, ಬರೇ ನಲವತ್ತಾರು ಸಾವಿರ ಕಿಲೋಮೀಟರ.’
ಹಸನಸಾಬ ಮೀಟರಿನ ಕಡೆ ನೋಡಲೇ ಇಲ್ಲ,
ಬಾಗಿ ಕ್ಲಚ್ಚಿನ ಪೆಡಲು ಸವರಿದ.
ರಬ್ಬರು ಹೋಗಿ ಕಬ್ಬಿಣ ಹೊಳೆಯುತ್ತಿತ್ತು.
‘ಲಾಳ ಸವದೈತಿ,’ ಅಂದ, ‘ವಯಸ್ಸು ಸವದಿಲ್ಲ.’

ಎರಡನೆಯದಕ್ಕೆ ನನ್ನ ಮನಸ್ಸು ಹೋಗಿತ್ತು, ಸುಳ್ಳು ಹೇಳಲಾರೆ.
ಗೇರಿನ ಪಕ್ಕ ಇನ್ನೊಂದು ಪುಟ್ಟ ಗೇರು,
ತಲೆಗೆ ಕೆಂಪು ಗುಂಡಿ, ಬಲು ಗತ್ತು.
ಸೆರಗು ಸಿಗಿಸಿ ಕೆಳಗೆ ತೂರಿ ನೋಡಿದೆ.
ಮುಂದಿನ ಶಾಫ್ಟೇ ಇಲ್ಲ!
ಇದ್ದ ಜಾಗದಲ್ಲಿ ಗ್ರೀಸಿನ ಕಲೆ, ಜೇಡರ ಬಲೆ.
ಮೇಲೆ ಎಷ್ಟು ಎಳೆದರೂ
ಕೆಳಗೆ ಕೇಳುವವರಿಲ್ಲ.
‘ಬೇಕಾದಾಗ ಹಾಕಿಸಕೋಬಹುದ್ರಿ ಅಕ್ಕಾರ,’ ಅಂದ ಹುಡುಗ,
ಬೆನ್ನಿನ ಧೂಳು ಜಾಡಿಸಲು
ಒಂದು ಪೇಪರು ಕೊಟ್ಟ.

ಚಹಾ. ಮತ್ತೊಂದು ಚಹಾ. ಬಿಸಿಲು.

ತಿಕೋಟಾದಾಚೆ ಮಲಕಾರಪ್ಪನ ಹೊಲ.
ಬೇವಿನ ಬುಡಕ್ಕೆ ಬೋರ್‌ವೆಲ್ಲಿನವರ ಜೀಪು,
ಯಾವ ಬಣ್ಣ ಅಂತ ಹೇಳಲಾಗದು.
ಕೇಳುವ ಮೊದಲೇ ಆತ ಶುರುಮಾಡಿದ:
‘ಥಂಡ್ಯಾಗ ಮೂರನೇ ಗೇರ ಗೊಣಗತೈತಿ.
ಎಡಬಾಗಿಲ ಹೊರಗಿಂದ ತೆರಿಯಾಂಗಿಲ್ಲ.
ರೇಡಿಯೇಟರ ಎರಡ ಸಲ ಬದಲಿ ಮಾಡೀನಿ.
ಎಸಿ, ಕೇಳಬ್ಯಾಡ್ರಿ.’
ಹಸನಸಾಬ ಚೀಲದಿಂದ ಸುತ್ತಿಗೆ ತೆಗೆದು
ಚಾಸಿಯ ಉದ್ದಕ್ಕೂ ಮೆಲ್ಲಗೆ ಬಡಿಯುತ್ತ ಹೋದ,
ಗೊರಸಿನ ಟೊಳ್ಳು ಹುಡುಕುವಾಗಿನ ಕಿವಿಯಿಂದ.

ಕಲ್ಲು ತುಂಬಿದ ಟ್ರಾಲಿ ಹಿಂದೆ ಕಟ್ಟಿ
ನೀರುಂಡ ಹೊಲಕ್ಕೆ ಇಳಿಸಿದೆ.
ಪುಟ್ಟ ಗೇರು ಕೆಳಕ್ಕೆ. ನಾಲ್ಕೂ ಗಾಲಿ
ಒಂದೇ ಮನೆಯ ಅಣ್ಣತಮ್ಮರಂತೆ, ಬೈದುಕೊಳ್ಳುತ್ತಲೇ,
ಆಚೆ ಬದುವಿಗೆ ಮುಟ್ಟಿಸಿದವು.
ನಾನು ನಕ್ಕೆ. ಆತ ನಗಲಿಲ್ಲ.
‘ಎಳಿಯೂದು ಎಲ್ಲಾ ಎಳೀತಾವ ಬೇಟಿ.
ನಿಂದ್ರೂದು ನೋಡು.’

ಇಳಿಜಾರಿಗೆ ತಿರುಗಿಸಿ, ಉಸಿರು ಹಿಡಿದು,
ಬ್ರೇಕು ಒತ್ತಿದೆ.
ಹಿಂದಿನ ಭಾರ ಬಂದು ಬೆನ್ನಿಗೆ ತಾಗಿತು,
ಬಾಗಿಲಲ್ಲಿ ನೂಕುವ ಜನರ ಹಾಗೆ.
ಜೀಪು ಒಮ್ಮೆ ನಡುಗಿತು, ಹೊರಳಲಿಲ್ಲ.
ನೇರ ನಿಂತಿತು.

‘ಹಿಂದ ಏನ ಕಟ್ಟತೀರಿ?’ ಮಲಕಾರಪ್ಪ ಕೇಳಿದ.
‘ಕುದುರಿ.’
ಸುಮ್ಮನೆ ಗುಡಿಸಲಿಗೆ ಹೋಗಿ
ಸುತ್ತಿಟ್ಟ ದಪ್ಪ ರಬ್ಬರ್ ಚಾಪೆ ಹೊತ್ತು ತಂದ.
‘ಪೆಟಗಿ ತಳಕ್ಕ ಹಾಸ್ರಿ. ಕಾಲ ಜಾರಬಾರದು.’
ರೊಕ್ಕದಲ್ಲಿ ಮಾತ್ರ ಐನೂರೂ ಬಿಡಲಿಲ್ಲ.

ಮೂರನೇ ದಿನ ಮತ್ತೆ ಅದೇ ಏರು.
ಗುಲಗಂಜಿ ಪೆಟ್ಟಿಗೆ ಹತ್ತಲು ಒಂದು ತಾಸು ಹಟ ಮಾಡಿದ್ದಳು.
ಅರ್ಧ ದಾರಿಗೆ, ಬೇಕೆಂದೇ, ನಿಲ್ಲಿಸಿದೆ.
ಹ್ಯಾಂಡ್‌ಬ್ರೇಕು. ಇಂಜಿನ್ ಬಂದ್.
ಹಸನಸಾಬ ಇಳಿದು ಗಾಲಿಗೆ ಕಲ್ಲು ಕೊಟ್ಟ.
ನಾನು ಕಿವಿಯಾಗಿ ಕೂತೆ.
ಮೊದಲು ಹೊಳೆಯ ಸದ್ದು, ಆಮೇಲೆ ಹಿಂದಿನಿಂದ
ಕಣಿಕೆ ಮುರಿಯುವ ಕರಕರ.
ಅವಳು ತಿನ್ನುತ್ತಿದ್ದಳು.

ಮತ್ತೆ ಚಾಲೂ ಮಾಡಿ, ಪುಟ್ಟ ಗೇರಿಗೆ ಕೈ ಹಾಕುವಾಗ
ಕಲ್ಲು ತೆಗೆದ ಹಸನಸಾಬ
ಎಡಬಾಗಿಲ ಗಾಜಿಗೆ ಬೆರಳಲ್ಲಿ ಬಡಿಯುತ್ತಿದ್ದ.
ಮರೆತೇಬಿಟ್ಟಿದ್ದೆ.
ಬಾಗಿ, ಒಳಗಿಂದ ತೆರೆದೆ.