ದೀಪಕ್ಕೆ ಬಂತು

ಬೆಂಡಿಗೊದ ಸಣ್ಣ ಮ್ಯೂಸಿಯಮ್ಮು, ಅದರ ನೆಲಮಾಳಿಗೆ.
ಗುರುವಾರ ರಾತ್ರಿಪಾಳಿ ಮುಗಿಸಿ
ಆಸ್ಪತ್ರೆಯ ಶೂಗಳಲ್ಲೇ ಇಳಿದು ಬರುತ್ತೇನೆ.
ಮೆರಿನ್ ಡ್ರಾಯರ್ ಎಳೆದಿಡುತ್ತಾಳೆ.
ಮೊದಲು ನುಸಿಗುಳಿಗೆಯ ವಾಸನೆ,
ಆಮೇಲೆ ಪತಂಗಗಳು: ನಾನೂರ ಹನ್ನೆರಡು.
ಒಂದೊಂದರ ಎದೆಗೂ ಸೂಜಿ,
ಸೂಜಿಯ ಬುಡದಲ್ಲಿ ಉಗುರಗಲದ ಚೀಟಿ.

ಚೀಟಿ ಓದುವುದು, ದಫ್ತರಿಗೆ ಇಳಿಸುವುದು. ಅಷ್ಟೇ ಕೆಲಸ.

ಎಫ್ರೈಮ್ ಪೋಲ್‌ಗ್ಲೇಸ್, ರೈಲ್ವೆ ಸಿಗ್ನಲ್‌ಮನ್,
ಸರಕಿನ ರಸೀದಿಯ ಬೆನ್ನು ಕತ್ತರಿಸಿ ಬರೆದದ್ದು:
"ಈಗಲ್‌ಹಾಕ್. 9 ಫೆಬ್ರವರಿ 1911.
ಗಾಳಿ ಇಲ್ಲ. ದೀಪಕ್ಕೆ ಬಂತು."
ಮುಂದಿನದು: "ಅದೇ ರಾತ್ರಿ. ದೀಪಕ್ಕೆ ಬಂತು."
ಮಾರ್ಚಿನಲ್ಲಿ ಹನ್ನೊಂದು ರಾತ್ರಿ ಏನೂ ಇಲ್ಲ.
ಯಾಕೆಂದು ಅವನು ಬರೆದಿಲ್ಲ.
ನಾನೂ ಬರೆಯುವುದಿಲ್ಲ.

ದೀಪದ ಬುಡ ಕತ್ತಲೆ ಅನ್ನುತ್ತೇವಲ್ಲ,
ಆ ಕತ್ತಲಲ್ಲೇ ಕೂತು ಬರೆದವನು.

ವಾರ್ಡಿನಲ್ಲಿ ನನ್ನದೂ ಇಂಥದೇ ಬರಹ:
"2.10. ಜ್ವರ ಇಳಿದಿದೆ. ನೀರು ಕೇಳಿದರು."
ಮನೆಗೆ ಹೋಗಿ ಪದ್ಯಕ್ಕೆ ಕೂತರೆ ಮಾತ್ರ
ಉಪಮೆಗಳು ಬಂದು ಜಗಲಿ ತುಂಬುತ್ತವೆ,
ಕರೆಯದ ನೆಂಟರು.

ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಎಂದು
ನಮ್ಮಲ್ಲಿ ಆಡಿಕೊಳ್ಳುತ್ತಾರೆ.
ಮೆರಿನ್‌ಗೆ ಬಿಡಿಸಿ ಹೇಳಿದೆ. ನಕ್ಕಳು.
ಆಮೇಲೆ ಭೂತಗನ್ನಡಿ ನನ್ನತ್ತ ಸರಿಸಿ
"ನೋಡು, ಇದಿನ್ನೂ ಕರೆಯುತ್ತಿದೆ" ಎಂದಳು.

ಸುರುಳಿ ಸುತ್ತಿದ ಮೂತಿಗೆ ಅಂಟಿದ
ಹಳದಿ ಪರಾಗ, ನಾಲ್ಕೈದು ಕಾಳು.
ಆ ಹೂ ಬಿಡುತ್ತಿದ್ದ ಗುಡ್ಡವನ್ನು ಚಿನ್ನಕ್ಕೆಂದು ಬಗೆದರು,
ಆಮೇಲೆ ಸಪಾಟು ಮಾಡಿದರು;
ಈಗ ಅಲ್ಲೊಂದು ಟಯರ್ ಅಂಗಡಿ.
ಗಿಡ ಇಲ್ಲ, ಚಿತ್ರ ಇಲ್ಲ, ಹೆಸರೂ ಅನುಮಾನ.
ಪತಂಗದ ಬಾಯಲ್ಲಿ ಮಾತ್ರ
ಆ ರಾತ್ರಿಯ ಊಟ ಹಾಗೇ ಇದೆ.

ಎಫ್ರೈಮ್‌ಗೆ ಇದೇನೂ ಗೊತ್ತಿರಲಿಲ್ಲ.
ರೆಕ್ಕೆಯ ಚಂದಕ್ಕೆ ಹಿಡಿದ,
ಜೊತೆಗೆ ಒಂದು ಗುಡ್ಡ ಬಂತು.

ಕೂಡಿಟ್ಟದ್ದು ಪರರ ಪಾಲು:
ಜಿಪುಣನಿಗೆ ಅದು ಬೈಗುಳ.
ಈ ತಣ್ಣನೆಯ ಕೋಣೆಯಲ್ಲಿ ಅದೇ ಉಯಿಲು.

ಮೂಲೆಯಲ್ಲೊಂದಿದೆ, ಎಲ್ಲಕ್ಕಿಂತ ದೊಡ್ಡದು,
ರೆಕ್ಕೆಯ ಮೇಲೆ ಕಣ್ಣು, ಕಣ್ಣಿನೊಳಗೆ ನೇರಳೆ.
ಚೀಟಿ ಉದುರಿಹೋಗಿದೆ.
ಯಾವ ಊರು? ಯಾವ ರಾತ್ರಿ?
"ಶಾಲೆ ಮಕ್ಕಳು ಬಂದಾಗ ತೋರಿಸ್ತೀವಿ,"
ಮೆರಿನ್ ಅಂದಳು. "ಚಂದ ಇದೆ, ಅಷ್ಟೇ."

ಆ ಮಾತು ನನಗೆ ಬಿತ್ತು.
ಚೀಲದಲ್ಲಿದ್ದ ಪದ್ಯ ತೆಗೆದು
ಮೊದಲ ಪುಟ ಪೂರ್ತಿ ಹೊಡೆದುಹಾಕಿದೆ.
ಉಳಿದ ಜಾಗದಲ್ಲಿ, ಸಣ್ಣಗೆ:
ಬೆಂಡಿಗೊ. ಗುರುವಾರ, ಹತ್ತೂವರೆ.
ನಿದ್ದೆ ಇಲ್ಲ. ಟ್ಯೂಬ್‌ಲೈಟಿಗೆ ಬಂದೆ.