ಪೊರೆ

ಸಿರಿಲ್ ಲಂಬ್ ಕೊಟ್ಟದ್ದು
ಒದ್ದೆ ಪತ್ರಿಕೆಯಲ್ಲಿ ಸುತ್ತಿದ ಒಂದು ತುಂಡು ಗೆಡ್ಡೆ,
ಹಸಿಶುಂಠಿಯ ದಾಯಾದಿಯಂಥದು.
"ಕಾಲುವೆ ದಡದ್ದು. ಹಳದಿ ಐರಿಸ್.
ನೆಟ್ಟು ಮರೆತುಬಿಡು, ಥೆಲ್ಮಾ" ಅಂದ.
ನಲವತ್ತು ವರ್ಷ ಕಾಲುವೆಯ ತೂಬು ತೆರೆದು ಮುಚ್ಚಿದವನು,
ನೀರಿನ ಸಂಗತಿ ಅವನಿಗೆ ಗೊತ್ತಿರಬೇಕು
ಅಂದುಕೊಂಡೆ.

ನನ್ನ ಕೊಳ ದೊಡ್ಡದಲ್ಲ.
ಕಲ್ಲಿದ್ದಲ ಕೋಣೆ ಕೆಡವಿದ ಹಿತ್ತಲ ಜಾಗ,
ಮೂರು ಮಂಚ ಹಾಕಿದಷ್ಟು ಅಗಲ.
ಬಸ್ಸು ಓಡಿಸುವುದು ಬಿಟ್ಟ ವರ್ಷ ನಾನೇ ಅಗೆದು
ಕಪ್ಪು ರಬ್ಬರ್ ಹಾಳೆ ಹಾಸಿ
ಮಳೆಗೆ ಕಾದೆ.
ಯಾರ್ಕ್‌ಶೈರಿನಲ್ಲಿ ಅದಕ್ಕೆ ಬಹಳ ಕಾಯಬೇಕಿಲ್ಲ:
ಮಂಗಳವಾರ ಹಾಳೆ, ಮುಂದಿನ ಮಂಗಳವಾರ ಕಪ್ಪೆ.

ನೆಡುವುದು ಸುಲಭ.
ಗೋಣಿತಾಟು ಹಾಸಿದ ಬುಟ್ಟಿ,
ಗೊಬ್ಬರದ ಮುಖ ಕಾಣದ ಬಡಮಣ್ಣು,
ಗೊಬ್ಬರ ಹಾಕಿದರೆ ಪಾಚಿಗೆ ಹಬ್ಬ.
ಗೆಡ್ಡೆಯ ಬೆನ್ನು ಮೇಲೆ, ಬೇರು ಕೆಳಗೆ,
ಅಲುಗದಂತೆ ಒಂದೆರಡು ಬೊಗಸೆ ಜಲ್ಲಿ.
ನೀರು ನಾಲ್ಕು ಬೆರಳು, ಅಷ್ಟೇ.
ಪಾದ ಮುಳುಗಬೇಕು, ಮೊಣಕಾಲು ಮುಳುಗಬಾರದು.

ಮೊದಲ ವರ್ಷ ಎಲೆ. ಎರಡನೆಯ ವರ್ಷವೂ ಎಲೆ.
ಮೂರನೆಯ ಜೂನಿನಲ್ಲಿ ಒಂದೇ ಒಂದು ಹೂ.
ಜೇಬಿನಲ್ಲಿ ನೆನೆದ ಟಿಕೆಟ್ಟಿನಂತೆ ಸುರುಳಿ ಸುತ್ತಿಕೊಂಡಿದ್ದು
ಒಂಬತ್ತು ಗಂಟೆಗೆ ಬಿಚ್ಚಿಕೊಂಡಿತು.
ಮೂರು ದಳ ಕೆಳಗೆ ಇಳಿಬಿಟ್ಟು
ಒಳಗೆ ಕಂದು ಗೆರೆ ಎಳೆದು,
ದುಂಬಿಗೆ ಇಲ್ಲೇ ಇಳಿ ಎಂದು ಬರೆದಂತೆ.
ಆವತ್ತು ಚಹಾ ಮಾಡಿಕೊಳ್ಳಲೂ ಮರೆತೆ.

ಆಮೇಲೆ ಶುರುವಾಯಿತು.
ಬೆರಳು ಕೊಟ್ಟರೆ ಹಸ್ತ ನುಂಗುವ ಜಾತಿ.
ಬುಟ್ಟಿ ಒಡೆದು ಹೊರಬಿದ್ದು
ಕತ್ತಿ ಹಿರಿದ ದಂಡು
ಗೇಣುಗೇಣಾಗಿ ಒತ್ತಿ ಒತ್ತಿ,
ಮೋಡವೆಲ್ಲ ಬಿದ್ದು ಕಾಣುತ್ತಿದ್ದ ನೀರು
ಊಟದ ತಟ್ಟೆಯಷ್ಟಾಯಿತು.
ಬೇರು ಎಲ್ಲಿ ರಬ್ಬರಿಗೆ ಚುಚ್ಚೀತೋ ಎಂದು
ರಾತ್ರಿ ಎದ್ದು ಕೂತೆ.
ಸಿರಿಲ್‌ನನ್ನು ಬೈಯೋಣವೆಂದರೆ
ಅವನು ಆ ಫೆಬ್ರವರಿಯಲ್ಲಿ ಹೋಗಿಬಿಟ್ಟಿದ್ದ.
ಸತ್ತವರು ತಿರುಗಿ ಬೈಯುವುದಿಲ್ಲ,
ಅದೇ ತೊಂದರೆ.

ಜೂನಿನ ಮೊದಲ ಶನಿವಾರ
ಬ್ರೆಡ್ ಕೊಯ್ಯುವ ಹಳೆಯ ಚಾಕು ಹಿಡಿದು
ತೊಡೆಮಟ್ಟದ ಬೂಟಿನಲ್ಲಿ ಇಳಿದೆ.
ಬುಡಸಮೇತ ಕಿತ್ತೇ ಬಿಡುವುದು.
ಪಕ್ಕದ ಮನೆಯ ಜುನೈರಾ, ಎಂಟು ವರ್ಷ,
ಬೇಲಿಯ ಸಂದಿಯಲ್ಲಿ ಮೂಗು ತೂರಿಸಿ ಕೂಗಿದಳು:
"ನಿಲ್ಲಿ! ಅಲ್ಲಿ ಯಾರೋ ಕೋಟು ಬಿಟ್ಟು ಹೋಗಿದ್ದಾರೆ."

ಬಗ್ಗಿದೆ.
ಎಲೆಯ ನಡುಮಟ್ಟದಲ್ಲಿ
ಆರು ಕಾಲಲ್ಲಿ ಅಪ್ಪಿ ಹಿಡಿದ
ಒಣಪೊರೆ.
ಬೆನ್ನು ಉದ್ದಕ್ಕೆ ಸೀಳಿದೆ.
ಕಣ್ಣಿನ ಅಚ್ಚು ಕೂಡ ಇದೆ,
ಒಳಗೆ ಯಾರೂ ಇಲ್ಲ.
ಪಕ್ಕದ ಎಲೆಯಲ್ಲಿ ಇನ್ನೊಂದು. ಅದರಾಚೆ ಮೂರು.

ವರ್ಷಗಟ್ಟಲೆ ಕೆಸರಲ್ಲಿ ಹೊಂಚಿ
ನನ್ನ ಗೊದಮೊಟ್ಟೆಗಳನ್ನು ತಿಂದು ಬೆಳೆದವು,
ಕತ್ತಲಲ್ಲಿ ಈ ಕತ್ತಿಗಳನ್ನೇ ಏಣಿ ಮಾಡಿ ಹತ್ತಿ
ಬೆಳಕು ಹರಿಯುವಾಗ ರೆಕ್ಕೆ ಆರಿಸಿಕೊಂಡು ಹೊರಟುಹೋಗಿವೆ.
ನಾನು ದಂಡು ಅಂದದ್ದು
ನನಗೆ ಹೇಳದೆ ಇವನ್ನೆಲ್ಲ ಪೊರೆದಿತ್ತು.

"ಏರೋಪ್ಲೇನ್ ಚಿಟ್ಟೆ" ಅಂದೆ.
ಜುನೈರಾ ಗಣಿತದ ಪುಸ್ತಕದ ಬೆನ್ನಿಗೆ ಬರೆದಳು:
ಹದಿನೇಳು ಕೋಟು.

ಚಾಕು ಒಳಗಿಟ್ಟೆ, ಆಗಸ್ಟಿನವರೆಗೆ.
ಹೂವೆಲ್ಲ ಮುಗಿದ ಮೇಲೆ, ಪೊರೆಗಳನ್ನು ಗಾಳಿ ಒಯ್ದ ಮೇಲೆ
ಅರ್ಧ ಕೊಯ್ದೆ, ಅರ್ಧ ಉಳಿಸಿದೆ.
ಮತ್ತೆ ಮೋಡ ಬಿತ್ತು ನೀರಿಗೆ.
ಕೊಯ್ದ ಗೆಡ್ಡೆಗಳನ್ನು ಒದ್ದೆ ಪತ್ರಿಕೆಯಲ್ಲಿ ಸುತ್ತಿ
ಬೀದಿಯುದ್ದಕ್ಕೂ ಹಂಚಿದೆ;
ಜುನೈರಾಳ ಅಮ್ಮನಿಗೆ ದೊಡ್ಡದು.
"ಮರೆಯಬೇಡಿ" ಅಂತ ಮಾತ್ರ ಹೇಳಿದೆ.
"ಮೂರು ವರ್ಷಕ್ಕೊಮ್ಮೆ ಇದರ ಜೊತೆ
ಒಂದು ಜಗಳ ಆಡಲೇಬೇಕು."

ಜುನೈರಾ ಒಂದು ಪೊರೆಯನ್ನು ಬೆಂಕಿಪೊಟ್ಟಣದಲ್ಲಿಟ್ಟು
ಶಾಲೆಗೆ ಒಯ್ದಿದ್ದಳು.
ಹುಳ ಎಲ್ಲಿ, ಅಂತ ಟೀಚರು ಕೇಳಿದರಂತೆ.
ಕೆಲಸಕ್ಕೆ ಹೋಗಿದೆ,
ಅಂದಳಂತೆ.